ಡಿಶ್‌ವಾಷರ್ ನಿಂತಿತಾ? ರಿಪೇರಿಯೋ, ಗುಜರಿಯೋ ಅಂತ ತೀರ್ಮಾನಿಸುವ ಮುಂಚೆ

ನಮ್ಮ ಡಿಶ್‌ವಾಷರ್ ನಿಂತಿದ್ದು ಹಬ್ಬದ ಮಾರನೆಯ ದಿನ. ಕೆಡೋದಕ್ಕೂ ಅದು ಮುಹೂರ್ತ ನೋಡುತ್ತೆ ಅನ್ಸುತ್ತೆ. ಸಿಂಕಿನ ತುಂಬ ಮುಸುರೆ, ಮಷೀನಿನ ತಳದಲ್ಲಿ ಎರಡು ಇಂಚು ಕಂದು ನೀರು, ಮುಂದೆ ಮಿನುಗುತ್ತಿರುವ ಎರರ್ ಕೋಡ್. ಬಂದ ಟೆಕ್ನಿಷಿಯನ್ ಹತ್ತು ನಿಮಿಷ ನೋಡಿದರು. "ಮಷೀನು ನಡೆಸೋ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ ಸರ್. ಹದಿನಾಲ್ಕು ಸಾವಿರ ಆಗುತ್ತೆ. ಆರು ವರ್ಷದ ಮಷೀನು, ಹೊಸದೇ ತಗೊಂಡ್ಬಿಡಿ" ಅಂದರು. ವಿಸಿಟಿಂಗ್ ಚಾರ್ಜ್ ಕೊಟ್ಟು ಕಳಿಸಿದೆ.

ಸಂಜೆ ಮನಸ್ಸು ತಡೆಯಲಿಲ್ಲ. ಪ್ಲಗ್ ಕಿತ್ತು, ಲೋಟದಲ್ಲಿ ನೀರು ಮೊಗೆದು, ಸ್ಪಂಜಿನಿಂದ ತಳ ಒಣಗಿಸಿ, ಫಿಲ್ಟರ್ ತಿರುಗಿಸಿ ಎತ್ತಿದೆ. ಅದರ ಕೆಳಗಿನ ಗುಂಡಿಯ ಪಕ್ಕದಲ್ಲಿ ಡ್ರೈನ್ ಪಂಪಿನ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ, ಒಳಗಿನ ಚಕ್ರದ ರೆಕ್ಕೆಗಳ ಸಂದಿಯಲ್ಲಿ ಹಸಿರು ಗಾಜಿನ ಚೂರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

"ಅತ್ತೆ, ನಿಮ್ಮ ಬಳೆ ಏನಾದ್ರೂ ಒಡೆದಿತ್ತಾ?" ಅಂತ ನನ್ನ ಹೆಂಡತಿ ಕೇಳಿದಳು. "ಮೊನ್ನೆ ಪಾತ್ರೆ ಜೋಡಿಸೋವಾಗ ಒಂದು ಹೆಚ್ಚಿತು ಕಣೆ. ಚೂರೆಲ್ಲ ಆರಿಸಿದೆ ಅನ್ಕೊಂಡಿದ್ದೆ" ಅಂದರು ಅಮ್ಮ. ಅವರ ಬಾಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಇಕ್ಕಳದಿಂದ ಚೂರು ತೆಗೆದೆ. ಮುಚ್ಚಳ ಹಾಕಿ ಸ್ವಿಚ್ ಒತ್ತಿದರೆ ನೀರು ಗಟಗಟ ಹೊರಗೆ ಹೋಯಿತು. ಬೋರ್ಡಿಗೆ ಏನೂ ಆಗಿರಲಿಲ್ಲ.

ಟೆಕ್ನಿಷಿಯನ್‌ಗಳೆಲ್ಲ ಹೀಗೇ ಅಂತ ಹೇಳೋಕೆ ಇದನ್ನು ಬರೆಯಲಿಲ್ಲ. 2020ರ ಲಾಕ್‌ಡೌನಿನಲ್ಲಿ ಕೆಲಸದವರು ಬರಲಾಗದೆ ಎಷ್ಟೋ ಮನೆಗಳು ಮೊದಲ ಸಲ ಡಿಶ್‌ವಾಷರ್ ಕೊಂಡವು. ನಮ್ಮದೂ ಅದೇ ಸಾಲಿನದು. ಆ ಮಷೀನುಗಳಿಗೆಲ್ಲ ಈಗ ವಾರಂಟಿ ಮುಗಿದಿದೆ, ಸಣ್ಣಪುಟ್ಟ ತೊಂದರೆ ಶುರುವಾಗುವ ವಯಸ್ಸು ಬಂದಿದೆ. "ಮಾಡಿಸೋದಾ, ಬಿಸಾಕೋದಾ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ನನ್ನ ಉತ್ತರ ಇಷ್ಟೇ: ವಯಸ್ಸು ನೋಡಿ ತೀರ್ಮಾನಿಸಬೇಡಿ, ಯಾವ ಪಾರ್ಟ್ ಹೋಗಿದೆ ಅಂತ ನೋಡಿ. ಅದಕ್ಕೂ ಮುಂಚೆ, ತಪ್ಪು ಮಷೀನಿನದೋ ನೀರಿನದೋ ಅಂತ ನೋಡಿ.

ಮೊದಲ ಅನುಮಾನ ನೀರಿನ ಮೇಲಿರಲಿ

ನಿಮ್ಮ ಮನೆ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯಲ್ವಾ? ಬಕೆಟ್ಟಿಗೆ, ಗೀಸರಿಗೆ ಬಿಳಿ ಸುಣ್ಣ ಕಟ್ಟುತ್ತಾ? ಹಾಗಾದರೆ ಅದು ಗಡಸು ನೀರು. ಡಿಶ್‌ವಾಷರಿನ ಅರ್ಧ ಕಾಯಿಲೆಗೆ ಅದೇ ಮೂಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬೆಂಗಳೂರು, ಕೋಲಾರದ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಮೊದಲ ಗೆರೆಯನ್ನು ಆರಾಮಾಗಿ ದಾಟುತ್ತವೆ. ಕರಾವಳಿಯ, ಮಲೆನಾಡಿನ ತೆರೆದ ಬಾವಿ ನೀರು ಸಾಮಾನ್ಯವಾಗಿ ಮೆದು. ಒಂದೇ ಮಾಡೆಲ್ಲಿನ ಮಷೀನು ಪುತ್ತೂರಿನಲ್ಲಿ ಒಂದು ಥರ, ಕೋಲಾರದಲ್ಲಿ ಇನ್ನೊಂದು ಥರ ಬಾಳುವುದು ಇದಕ್ಕೇ.

ಮಷೀನಿನ ತಳದಲ್ಲಿ ಉಪ್ಪು ಹಾಕುವ ಡಬ್ಬಿ ಇರುತ್ತದಲ್ಲ, ಅದು ಪಾತ್ರೆಗೆ ಅಲ್ಲ. ಒಳಗೆ ರೆಸಿನ್ ಎಂಬ ಸಣ್ಣ ಮಣಿಗಳಿವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪುನೀರು ಆ ಮಣಿಗಳನ್ನು ತೊಳೆದು ಮತ್ತೆ ಕೆಲಸಕ್ಕೆ ಸಿದ್ಧ ಮಾಡುತ್ತದೆ. ಉಪ್ಪು ಖಾಲಿಯಾದರೆ ಸುಣ್ಣ ನೇರವಾಗಿ ಹೀಟರಿಗೆ, ನೀರು ಚಿಮ್ಮುವ ರೆಕ್ಕೆಗಳಿಗೆ ಕೂರುತ್ತದೆ. ಅಡುಗೆಯ ಪುಡಿ ಉಪ್ಪು ಮಾತ್ರ ಹಾಕಬೇಡಿ. ಅದರಲ್ಲಿ ಅಯೋಡಿನ್ ಇರುತ್ತದೆ, ಗಂಟು ಕಟ್ಟದಿರಲು ಬೇರೆ ಪುಡಿಯೂ ಬೆರೆತಿರುತ್ತದೆ. ಡಿಶ್‌ವಾಷರ್ ಉಪ್ಪು ಅಂತಲೇ ಸಿಗುವ ಹರಳುಪ್ಪು ತನ್ನಿ. ಹಾಕಿದ ತಕ್ಷಣ ಒಂದು ಸಲ ಮಷೀನು ಓಡಿಸಿಬಿಡಿ. ಚೆಲ್ಲಿದ ಉಪ್ಪು ಹಾಗೇ ಕೂತರೆ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ.

ಜನ ಎಡವುವುದು ಸೆಟ್ಟಿಂಗಿನಲ್ಲಿ. ನೀರು ಎಷ್ಟು ಗಡಸು ಅಂತ ಮಷೀನಿಗೆ ನಾವು ಹೇಳಬೇಕು. ಇನ್‌ಸ್ಟಾಲ್ ಮಾಡಿದವರು ಹೋದ ಮೇಲೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಟಿಡಿಎಸ್ ಮೀಟರ್ ಹಿಡಿದು ಲೆಕ್ಕ ಹಾಕುವವರೂ ಇದ್ದಾರೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ. ಅದು ಬೇರೆ, ಗಡಸುತನ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಪ್ಲಾಂಟ್ ಇದ್ದರೆ ಗಡಸುತನ ಇಳಿದಿರುತ್ತದೆ, ಟಿಡಿಎಸ್ ಹಾಗೇ ಇರುತ್ತದೆ. ಗಡಸುತನ ಅಳೆಯುವ ಸ್ಟ್ರಿಪ್ ಅಥವಾ ಹನಿ ಹಾಕಿ ನೋಡುವ ಕಿಟ್ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಬಳಸಿ. ಮ್ಯಾನ್ಯುಯಲ್ಲಿನಲ್ಲಿ ಜರ್ಮನ್ ಡಿಗ್ರಿ ಅಂತಿದ್ದರೆ ಗಾಬರಿ ಬೇಡ. ಒಂದು ಡಿಗ್ರಿ ಅಂದರೆ ಸುಮಾರು 18 ಪಿಪಿಎಂ, ಅಂದರೆ ಲೀಟರಿಗೆ 18 ಮಿಲಿಗ್ರಾಂ.

ನೀರಿನ ಮೂಲ ಬದಲಾದರೆ ಸೆಟ್ಟಿಂಗೂ ಬದಲಾಗಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳಿಗೆ ಅಂತಲೇ ಮಾಡಿದ ಯೋಜನೆ ಅದು. ಬೋರ್‌ವೆಲ್ ನೀರಿಗೆ ಹೊಂದಿಸಿದ ಮಷೀನಿಗೆ ಈಗ ಕಾವೇರಿ ನೀರು ಬರುತ್ತಿದ್ದರೆ ಮಟ್ಟ ಇಳಿಸಿ. ಇಲ್ಲದಿದ್ದರೆ ಉಪ್ಪು ಸುಮ್ನೆ ಖರ್ಚು. ತೀರಾ ಮೆದು ನೀರಿನಲ್ಲಿ ಗಾಜಿನ ಲೋಟ ಮಂಜಾಗುವುದೂ ಉಂಟು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರು ಮಾತ್ರ ಮಟ್ಟ ಮೇಲೇ ಇಟ್ಟುಕೊಳ್ಳಿ. ಒಂದೊಂದು ಟ್ಯಾಂಕರಿಗೂ ಒಂದೊಂದು ಬೋರ್‌ವೆಲ್.

ಲೋಟದ ಮೇಲೆ ಬಿಳಿ ಪೊರೆ ಬಂದಿದೆಯಾ? ನಿಂಬೆರಸ ಹಚ್ಚಿ ಉಜ್ಜಿ. ಹೋದರೆ ಅದು ಸುಣ್ಣ. ಉಪ್ಪು, ಸೆಟ್ಟಿಂಗ್ ಸರಿ ಮಾಡಿದರೆ ಮುಗೀತು. ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ನೀಲಿ ಕಾಮನಬಿಲ್ಲಿನಂಥ ಹೊಳಪು ಕಂಡರೆ ರಿನ್ಸ್ ಏಡ್ (ಕೊನೆಯ ಸಲ ಜಾಲಿಸುವಾಗ ಸೇರುವ ಹೊಳಪಿನ ದ್ರವ) ಜಾಸ್ತಿಯಾಗಿದೆ. ಈ ಮೂರಕ್ಕೂ ಮೆಕ್ಯಾನಿಕ್ ಬೇಡ.

ಫೋನ್ ಮಾಡುವ ಮುಂಚಿನ ಅರ್ಧ ಗಂಟೆ

ನಮ್ಮ ಅಡುಗೆಗೂ ಈ ಮಷೀನಿಗೂ ಒಂದು ಹಳೇ ಜಗಳ ಇದೆ. ಕರಿಬೇವಿನ ಕಡ್ಡಿ, ಹುಣಸೆ ನಾರು, ತೆಂಗಿನತುರಿ, ನಿಂಬೆ ಬೀಜ ಇವೆಲ್ಲ ಫಿಲ್ಟರಿನಲ್ಲಿ ಸೇರಿಕೊಳ್ಳುತ್ತವೆ. ಆದರೆ ನಿಜವಾದ ಕಿಲಾಡಿ ಸಾಸಿವೆ. ಫಿಲ್ಟರ್ ಸ್ವಲ್ಪ ಸಡಿಲವಾಗಿ ಕೂತಿದ್ದರೆ ಒಗ್ಗರಣೆಯ ಸಾಸಿವೆ ನೀರಿನ ಜೊತೆ ಸುತ್ತಿ, ಮೇಲಿನ ರೆಕ್ಕೆಯ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತುಬಿಡುತ್ತದೆ. ಮೇಲಿನ ತಟ್ಟೆಯ ಲೋಟಗಳು ಮಾತ್ರ ಕೊಳಕಾಗಿ ಬರುತ್ತಿವೆ ಅಂದರೆ ರೆಕ್ಕೆ ಬಿಚ್ಚಿ, ಬೆಳಕಿಗೆ ಹಿಡಿದು, ಒಂದೊಂದೇ ತೂತು ನೋಡಿ. ಟೂತ್‌ಪಿಕ್ಕಿನಿಂದ ಹೊರಗೆ ಎಳೆಯಿರಿ, ಒಳಗೆ ತಳ್ಳಬೇಡಿ. ತಳ್ಳಿದ ಸಾಸಿವೆ ನಾಳೆ ಪಕ್ಕದ ತೂತಿಗೆ ಬರುತ್ತದೆ. ನಾನು ಒಮ್ಮೆ ಒಂದೇ ರೆಕ್ಕೆಯಿಂದ ಹನ್ನೊಂದು ಸಾಸಿವೆ ತೆಗೆದಿದ್ದೇನೆ.

ನೀರು ಹೊರಗೆ ಹೋಗುತ್ತಿಲ್ಲ ಅಂದರೆ ಫಿಲ್ಟರ್, ಆಮೇಲೆ ಪಂಪಿನ ಮುಚ್ಚಳ, ಆಮೇಲೆ ಹಿಂದಿನ ಪೈಪ್ ಮಡಚಿಕೊಂಡಿದೆಯಾ ಅಂತ ನೋಡಿ. ಬಾಷ್ ಮಷೀನುಗಳಲ್ಲಿ ಇ24, ಇ25, ಎಲ್‌ಜಿಯಲ್ಲಿ ಓಇ ಅಂತ ತೋರಿಸುವುದು ಸಾಮಾನ್ಯವಾಗಿ ಈ ತೊಂದರೆಗೇ. ನೀರು ಒಳಗೇ ಬರುತ್ತಿಲ್ಲವಾದರೆ ಮೊದಲು ನಲ್ಲಿ ತೆರೆದಿದೆಯಾ ಅಂತ ನೋಡಿ. ನಗಬೇಡಿ, ಪ್ಲಂಬರ್ ಬಂದುಹೋದ ಮನೆಗಳಲ್ಲಿ ಇದೇ ಕಾರಣ ಇರುತ್ತದೆ. ನಂತರ ಪೈಪನ್ನು ನಲ್ಲಿಗೆ ಸೇರಿಸುವ ಕಡೆ ಇರುವ ಪುಟ್ಟ ಜಾಲರಿ. ಟ್ಯಾಂಕ್ ತೊಳೆಸಿದ ವಾರ ಅದರಲ್ಲಿ ಮರಳು ತುಂಬಿಕೊಂಡಿರುತ್ತದೆ. ಮೇಲಿನ ಮಹಡಿಯವರಿಗೆ ಇನ್ನೊಂದು ಸಮಸ್ಯೆ ಇದೆ. ಹೆಚ್ಚಿನ ಮಷೀನುಗಳಿಗೆ ಅರ್ಧ ಬಾರ್ ಒತ್ತಡವಾದರೂ ಬೇಕು. ಅಂದರೆ ಟ್ಯಾಂಕಿನ ನೀರು ನಲ್ಲಿಗಿಂತ ಸುಮಾರು 5 ಮೀಟರ್ ಮೇಲಿರಬೇಕು. ತಲೆಯ ಮೇಲೇ ಟ್ಯಾಂಕ್ ಇರುವ ಮನೆಗೆ ಪ್ರೆಷರ್ ಪಂಪ್ ಹಾಕಿಸದೆ ದಾರಿಯಿಲ್ಲ. ಮಷೀನು ಬದಲಿಸಿದರೂ ಅದೇ ಗೋಳು.

ಬಾಷಿನ ಇ15 ಬಂದರೆ ತಳದ ಟ್ರೇಗೆ ನೀರು ಸೇರಿದೆ ಅಂತ ಅರ್ಥ. ಅಲ್ಲಿ ಒಂದು ತೇಲುವ ಬೆಂಡಿದೆ, ಅದು ಮೇಲೆದ್ದರೆ ಮಷೀನು ತಾನೇ ನಿಲ್ಲುತ್ತದೆ. ಮಷೀನು ಸ್ವಲ್ಪ ವಾಲಿಸಿ ನೀರು ಚೆಲ್ಲಿದರೆ ಮತ್ತೆ ಓಡುತ್ತದೆ. ಆದರೆ ಸೋರುವ ಜಾಗ ಹುಡುಕದಿದ್ದರೆ ಎರಡು ದಿನಕ್ಕೆ ಮತ್ತೆ ಅದೇ ಕಥೆ. ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಯಾರಾದರೂ ಹಾಕಿದರಾ ಕೇಳಿ. ನೊರೆ ಉಕ್ಕಿ ಹೀಗಾಗುತ್ತದೆ. ಇಲ್ಲದಿದ್ದರೆ ಮಷೀನು ಮುಂದೆ ಎಳೆದು ಪೈಪ್ ನೋಡಿ. ಇಲಿ ಕಡಿದಿರಬಹುದು.

ಬಿಸಿಯಾಗುತ್ತಿಲ್ಲ ಅನ್ನುವುದು ಗೊತ್ತಾಗೋದು ಹೀಗೆ: ಮುಗಿದ ತಕ್ಷಣ ಬಾಗಿಲು ತೆಗೆದರೆ ಹಬೆ ಬರಲ್ಲ, ಪಾತ್ರೆ ತಣ್ಣಗಿರುತ್ತದೆ, ಜಿಡ್ಡು ಬಿಟ್ಟಿರುವುದಿಲ್ಲ, ಸೋಪಿನ ಟ್ಯಾಬ್ಲೆಟ್ ಅರ್ಧ ಕರಗಿರುತ್ತದೆ. ಇದು ಹೀಟರ್ ಅಥವಾ ಬೋರ್ಡಿನ ಕೆಲಸ. ಇಲ್ಲಿಗೆ ನಿಮ್ಮ ಸ್ಕ್ರೂಡ್ರೈವರ್ ಕೆಳಗಿಡಿ. ನೀರು, 16 ಆಂಪಿಯರ್ ಲೈನು, ಎರಡು ಸಾವಿರ ವ್ಯಾಟಿನ ಹೀಟರ್ ಒಂದೇ ಕಡೆ ಇರುವ ಪೆಟ್ಟಿಗೆ ಇದು.

ಯಾರ ಕೈಲಿ ಮಾಡಿಸೋದು?

ಕಂಪನಿ ಸರ್ವಿಸ್, ಏರಿಯಾದ ಮೆಕ್ಯಾನಿಕ್, ಎಎಂಸಿ (ವರ್ಷಕ್ಕೆ ಇಷ್ಟು ಅಂತ ಕಟ್ಟುವ ನಿರ್ವಹಣೆಯ ಒಪ್ಪಂದ), ಹೀಗೆ ಮೂರು ದಾರಿ. ಕಂಪನಿಯವರಲ್ಲಿ ಅಸಲಿ ಪಾರ್ಟ್ ಸಿಗುತ್ತದೆ, ಬಿಲ್ ಸಿಗುತ್ತದೆ, ಹಾಕಿದ ಪಾರ್ಟಿಗೆ ಗ್ಯಾರಂಟಿ ಇರುತ್ತದೆ. ಆದರೆ ಅವರು ಪಾರ್ಟ್ ಬದಲಿಸುತ್ತಾರೆಯೇ ಹೊರತು ಪಾರ್ಟನ್ನು ರಿಪೇರಿ ಮಾಡುವುದು ಕಡಿಮೆ. ಬೋರ್ಡಿನ ಮೇಲೆ ರಿಲೇ ಎಂಬ ಒಂದು ಪುಟ್ಟ ಸ್ವಿಚ್ ಸುಟ್ಟಿದ್ದರೂ ಇಡೀ ಬೋರ್ಡೇ ಹೊಸದು.

ಏರಿಯಾದ ಮೆಕ್ಯಾನಿಕ್ ಆ ರಿಲೇಯನ್ನಷ್ಟೇ ಬದಲಿಸಿ ಕೊಡಬಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಬಿಡಿಭಾಗಗಳಿಗೆ ಬರವಿಲ್ಲ. ತೊಂದರೆ ಏನೆಂದರೆ, ವಾಷಿಂಗ್ ಮಷೀನ್ ಮೆಕ್ಯಾನಿಕ್ ಬೀದಿಗೊಬ್ಬ ಇದ್ದಾನೆ, ಡಿಶ್‌ವಾಷರ್ ಬಿಚ್ಚಿ ಜೋಡಿಸಿ ಅಭ್ಯಾಸ ಇರುವವನು ಅಪರೂಪ. ಬಾಗಿಲಿನ ಸ್ಪ್ರಿಂಗು, ದಾರ, ನೀರಿನ ವಾಲ್ವ್, ಡ್ರೈನ್ ಪಂಪ್ ಇಷ್ಟಕ್ಕೆ ಒಳ್ಳೆಯ ಕೈಯವನಾದರೆ ಸಾಕು. ತಳ ಪೂರ್ತಿ ಬಿಚ್ಚುವ ಕೆಲಸವಾದರೆ, "ಡಿಶ್‌ವಾಷರ್ ಎಷ್ಟು ಮಾಡಿದ್ದೀಯಪ್ಪಾ?" ಅಂತ ಮುಲಾಜಿಲ್ಲದೆ ಕೇಳಿ. ಸಣ್ಣ ಊರಿನಲ್ಲಿರುವವರಿಗೆ ಈ ಆಯ್ಕೆಯೇ ಇರುವುದಿಲ್ಲ. ಅವರು ಮಷೀನು ಕೊಳ್ಳುವಾಗಲೇ ಯಾವ ಕಂಪನಿಯ ಸರ್ವಿಸ್ ತಮ್ಮ ಊರಿಗೆ ಬರುತ್ತದೆ ಅಂತ ನೋಡಿಕೊಳ್ಳಬೇಕು. ಉಳಿದ ಫೀಚರುಗಳೆಲ್ಲ ಆಮೇಲೆ.

ಎಎಂಸಿ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬರೀ "ಸರ್ವಿಸ್ ಮಾತ್ರ" ಅನ್ನುವ ಎಎಂಸಿಯಲ್ಲಿ ಮಾಡುವುದು ಫಿಲ್ಟರ್ ತೊಳೆದು ಕ್ಲೀನರ್ ಹಾಕಿ ಓಡಿಸುವ ಕೆಲಸ, ಅದನ್ನು ನಾವೇ ಮಾಡಬಹುದು. ಬೋರ್ಡ್ ಮತ್ತು ಹೀಟರ್ ಎರಡೂ ಸೇರಿದ್ದರೆ, ಮಷೀನಿಗೆ ನಾಲ್ಕೈದು ವರ್ಷ ಆಗಿದ್ದರೆ, ಆಗ ಯೋಚಿಸಬಹುದು. ಸಹಿ ಹಾಕುವ ಮುಂಚೆ ಇಲಿ, ಜಿರಳೆ, ವೋಲ್ಟೇಜ್ ಏರುಪೇರು ಇವಕ್ಕೆ ಅನ್ವಯಿಸುತ್ತಾ ಅಂತ ಕೇಳಿ. ನಮ್ಮಲ್ಲಿ ಬೋರ್ಡ್ ಹೋಗುವುದು ಬಹಳ ಸಲ ಈ ಮೂರರಿಂದಲೇ, ಹೊರಗಿಡುವುದೂ ಹೆಚ್ಚಾಗಿ ಇವನ್ನೇ.

ಯಾರೇ ಬರಲಿ, ಕೆಲಸ ಶುರುವಾಗುವ ಮುಂಚೆಯೇ ಹೇಳಿಬಿಡಿ: "ತೆಗೆದ ಹಳೇ ಪಾರ್ಟ್ ನಮಗೇ ಕೊಟ್ಟು ಹೋಗಿ." ಈ ಒಂದು ಮಾತಿಗೆ ಎಷ್ಟೋ ಬೋರ್ಡುಗಳು ತಾವಾಗಿಯೇ ಸರಿಹೋಗುತ್ತವೆ. ಎರರ್ ಕೋಡ್ ಏನಿತ್ತು, ಯಾವ ಪಾರ್ಟು, ಎಷ್ಟು ದಿನದ ಗ್ಯಾರಂಟಿ ಅಂತ ಬಿಲ್ಲಿನಲ್ಲೇ ಬರೆಸಿ. ಪಾರ್ಟೇ ಸಿಗಲ್ಲ ಅಂತ ಕಂಪನಿ ಕೈ ತೊಳೆದುಕೊಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ, ಅದರಲ್ಲಿ ಕಂಪನಿಗಳ ಸರ್ವಿಸ್ ಮಾಹಿತಿ ನೋಡಬಹುದು. ಯೂರೋಪಿನಲ್ಲಿ 2021ರ ಮಾರ್ಚಿನಿಂದ ಡಿಶ್‌ವಾಷರಿನ ಮುಖ್ಯ ಬಿಡಿಭಾಗಗಳನ್ನು ಏಳರಿಂದ ಹತ್ತು ವರ್ಷ ಒದಗಿಸಲೇಬೇಕು ಅಂತ ಕಾನೂನಿದೆ. ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಇರುವ ನಮ್ಮವರು ಪಾರ್ಟ್ ಇಲ್ಲ ಅನ್ನುವ ಮಾತನ್ನು ಸುಲಭಕ್ಕೆ ಒಪ್ಪಬೇಕಾಗಿಲ್ಲ.

ಬಾಡಿಗೆ ಲೆಕ್ಕ

ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಬಿಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಬಾಡಿಗೆ ಲೆಕ್ಕ ಇಷ್ಟ. ಕೊಡುವ ದುಡ್ಡನ್ನು ಮಷೀನು ಇನ್ನೆಷ್ಟು ವರ್ಷ ಓಡಬಹುದೋ ಅದರಿಂದ ಭಾಗಿಸಿ. ಬಂದಿದ್ದು ವರ್ಷದ ಬಾಡಿಗೆ. ಚೆನ್ನಾಗಿ ನೋಡಿಕೊಂಡ ಮಷೀನು ಸುಮಾರು 10 ವರ್ಷ ಬರುತ್ತದೆ ಅಂತಿಟ್ಟುಕೊಳ್ಳಿ. ₹40,000ದ ಹೊಸ ಮಷೀನಿನ ಬಾಡಿಗೆ ವರ್ಷಕ್ಕೆ ₹4,000.

ಈಗ ಆರು ವರ್ಷದ ಮಷೀನಿಗೆ ₹2,500ರ ಡ್ರೈನ್ ಪಂಪ್ ಬೇಕು ಅಂದರು. ಇನ್ನು ನಾಲ್ಕು ವರ್ಷ ಓಡಿದರೆ ವರ್ಷಕ್ಕೆ ₹625. ಕಣ್ಣು ಮುಚ್ಚಿಕೊಂಡು ಮಾಡಿಸಿ. ಅದೇ ಮಷೀನಿಗೆ ₹14,000ದ ಬೋರ್ಡ್ ಅಂದರೆ ವರ್ಷಕ್ಕೆ ₹3,500. ಹೊಸದರ ಬಾಡಿಗೆಗೆ ಹತ್ತಿರ ಹತ್ತಿರ ಬಂತು. ಹೊಸದಕ್ಕೆ ವಾರಂಟಿ ಇದೆ, ಹಳೆಯದರಲ್ಲಿ ಮಿಕ್ಕ ಪಾರ್ಟುಗಳಿಗೂ ಆರು ವರ್ಷವಾಗಿದೆ. ಇಲ್ಲಿ ನಾನು ಬೋರ್ಡ್ ರಿಪೇರಿ ಮಾಡುವವರನ್ನು ಒಂದು ಸಲ ಹುಡುಕುತ್ತೇನೆ. ಅವರ ಕೈಲೂ ಆಗದಿದ್ದರೆ ಹೊಸದು. ಒಂಬತ್ತು ವರ್ಷದ ಮಷೀನಿಗೆ ₹8,000ದ ಹೀಟರ್? ಎರಡು ವರ್ಷ ಓಡಿದರೂ ಬಾಡಿಗೆ ₹4,000. ಬೇಡ. ಈಗಿನ ಬಹಳಷ್ಟು ಮಷೀನುಗಳಲ್ಲಿ ಹೀಟರೂ ನೀರು ಸುತ್ತಿಸುವ ಪಂಪೂ ಒಂದೇ ತುಂಡಾಗಿರುತ್ತವೆ. "ಬರೀ ಹೀಟರ್" ಅಂತ ಬಿಡಿಯಾಗಿ ಸಿಗದಿರುವುದು ಅದಕ್ಕೇ.

ಲೆಕ್ಕವೇ ಬೇಡದ ಎರಡು ಕಡೆಗಳಿವೆ. ಒಳಗಿನ ತೊಟ್ಟಿಯೇ ತುಕ್ಕು ಹಿಡಿದು ತೂತಾಗಿದ್ದರೆ ಎರಡು ವರ್ಷದ ಮಷೀನಾದರೂ ಗುಜರಿಗೇ. ಪಾತ್ರೆ ಜೋಡಿಸುವ ತಟ್ಟೆಯ ಕಂಬಿ ತುಕ್ಕು ಹಿಡಿದರೆ, ಚಕ್ರ ಮುರಿದರೆ, ಬಾಗಿಲಿನ ರಬ್ಬರ್ ಹರಿದರೆ, ಹತ್ತು ವರ್ಷದ್ದಾದರೂ ಮಾಡಿಸಿ. ಅವು ಮಷೀನಿನ ಆಯಸ್ಸಿಗೆ ಸಂಬಂಧಪಟ್ಟ ಕಾಯಿಲೆಗಳಲ್ಲ.

ಮೂರನೇ ಆಯ್ಕೆ ಒಂದಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಮನೆಯಲ್ಲಿ ಈಗ ಇಬ್ಬರೇ ಇದ್ದೀರಿ, ದೊಡ್ಡ ಪಾತ್ರೆಗಳೆಲ್ಲ ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣದ ಕಾವಲಿ, ಮಷೀನಿಗೆ ಹೋಗುವುದು ನಾಲ್ಕು ತಟ್ಟೆ, ಆರು ಲೋಟ ಅಂತಾದರೆ ರಿಪೇರಿಯೂ ಬೇಡ, ಹೊಸದೂ ಬೇಡ. ಅಲ್ಯೂಮಿನಿಯಂ ಇದರ ಸೋಪಿಗೆ ಕಪ್ಪಾಗುತ್ತದೆ, ಕಾವಲಿಯ ಪಳಗಿದ ಎಣ್ಣೆ ಹೋಗಿ ದೋಸೆ ಅಂಟುತ್ತದೆ. ನನ್ನ ಚಿಕ್ಕಮ್ಮ ಹೀಗೇ ತಮ್ಮ ಮಷೀನು ಕೊಟ್ಟುಬಿಟ್ಟು, ಆ ಜಾಗದಲ್ಲಿ ಅಕ್ಕಿ ಡಬ್ಬ ಇಟ್ಟುಕೊಂಡು ಆರಾಮಾಗಿದ್ದಾರೆ.

ಮಾಡಿಸಿದ ಮೇಲೆ, ಅಥವಾ ಹೊಸದು ಬಂದ ಮೇಲೆ

ಪಾತ್ರೆ ಮೊದಲೇ ತೊಳೆದು ಹಾಕಬೇಕಾಗಿಲ್ಲ. ಕಡ್ಡಿ, ಬೀಜ, ಸಾಸಿವೆ ಕೆರೆದು ಕಸಕ್ಕೆ ಹಾಕಿದರೆ ಸಾಕು. ವಾರಕ್ಕೊಮ್ಮೆ ಫಿಲ್ಟರನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಕಟ್ ಅನ್ನುವ ತನಕ ತಿರುಗಿಸಿ ಕೂರಿಸಿ. ಬಾಗಿಲಿನ ಕೆಳ ಅಂಚು ನೀರು ತಲುಪದ ಜಾಗ, ಕೆಟ್ಟ ವಾಸನೆ ಅಲ್ಲಿಂದಲೇ ಹುಟ್ಟುವುದು. ಒದ್ದೆ ಬಟ್ಟೆಯಿಂದ ಒರೆಸಿ. ಎರಡು ತಿಂಗಳಿಗೊಮ್ಮೆ ಖಾಲಿ ಮಷೀನಿಗೆ ಒಂದು ಹಿಡಿ ನಿಂಬೆ ಉಪ್ಪು ಹಾಕಿ, 65 ಅಥವಾ 70 ಡಿಗ್ರಿಯಲ್ಲಿ ಓಡಿಸಿದರೆ ಸುಣ್ಣ ಬಿಡುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಅದೇ. ಬ್ಲೀಚ್ ಮಾತ್ರ ಹತ್ತಿರ ತರಬೇಡಿ. ಅದು ಸ್ಟೀಲನ್ನು ತಿನ್ನುತ್ತದೆ, ನಿಂಬೆ ಉಪ್ಪಿನ ಜೊತೆ ಸೇರಿದರೆ ವಿಷದ ಹೊಗೆ ಬರುತ್ತದೆ. ರಾತ್ರಿ ಹೊತ್ತು ಅಡಿಯ ಬೆಚ್ಚನೆ ಜಾಗಕ್ಕೆ ಜಿರಳೆ ಸೇರದಂತೆ ಸಿಂಕಿನ ಕೆಳಗೆ ಜೆಲ್ ಇಟ್ಟಿರಿ.

ಹೊಸದೇ ಅಂತ ನಿಶ್ಚಯವಾದರೆ ಒಂದು ಸಮಾಧಾನ ಇದೆ. 2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಷರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ನಿಮ್ಮ ಹಳೇ ಬಿಲ್ಲಿನ ಜೊತೆ ಹೋಲಿಸುವಾಗ ಇದು ನೆನಪಿರಲಿ. ಎಕ್ಸ್‌ಚೇಂಜಿಗೆ ಕೊಡುವ ಮುಂಚೆ ಹಳೆಯದರ ಬೆಲೆಯನ್ನು ಗುಜರಿಯವನ ಹತ್ತಿರವೂ ಒಂದು ಸಲ ಕೇಳಿ, ಅಂಗಡಿಯವನು ಹೇಳಿದ್ದಕ್ಕೆ ತಲೆಯಾಡಿಸಬೇಡಿ. ಮಿಕ್ಕಿದ ಉಪ್ಪು, ಟ್ಯಾಬ್ಲೆಟ್ ಹೊಸದಕ್ಕೂ ಆಗುತ್ತವೆ, ಎತ್ತಿಡಿ. ಗೋಡೆಯ ಕಡೆ ಉಳಿದಿರುವ ಹಳೇ ಪೈಪಿಗೇ ಹೊಸ ಮಷೀನು ಸೇರಿಸಲು ಬಿಡಬೇಡಿ. ಡಬ್ಬದಲ್ಲಿ ಬಂದ ಹೊಸ ಪೈಪೇ ಹಾಕಿಸಿ, ಇನ್‌ಸ್ಟಾಲ್ ಮಾಡಲು ಬಂದವರು ಹೊರಡುವ ಮುಂಚೆ ಗಡಸುತನದ ಮಟ್ಟ ಎಷ್ಟಿಟ್ಟಿದ್ದಾರೆ ಅಂತ ತೋರಿಸೋಕೆ ಹೇಳಿ.